ಒಂದು ಪದದ ನೆಂಟರು

ಜೂನ್ ೧೧

ಪೀಪಿಯ ಅತ್ತೆಯವರಿಗೆ,

ಲಿಫ್ಟ್ ರಿಪೇರಿ ಮಾಡುವವನ ಕೈಬರಹ, ಸ್ವಲ್ಪ ಸುಧಾರಿಸಿಕೊಂಡು ಓದಿ. ಫೋನ್ ಮಾಡಿದರೆ ನೀವು "ಹ್ಞೂಂ" ಅನ್ನುತ್ತೀರಿ, ಆಮೇಲೆ ಆ ಕಡೆಯಿಂದ ಉಸಿರೂ ಕೇಳಿಸುವುದಿಲ್ಲ. ಲೈನು ಕಟ್ಟಾಯಿತೇನೋ ಎಂದು ನಾನು "ಹಲೋ, ಹಲೋ" ಎಂದು ಕೂಗುತ್ತೇನೆ. ನೀವು ಮತ್ತೆ "ಹ್ಞೂಂ". ಬರೆಯುವುದೇ ವಾಸಿ ಎಂದು ನಮ್ಮ ಮನೆಯವಳು ಹೇಳಿದಳು.

ಭಾವ ತೀರಿಕೊಂಡು ಅವರನ್ನು ಕಳಿಸಿಕೊಟ್ಟ ಮಾರನೆಯ ಸಂಜೆಯೇ ನೀವು ರೈಲು ಹತ್ತಿದಿರಿ. ಹೊರಡುವ ಮುಂಚೆ ಅವರ ಅಡುಗೆಮನೆಯ ಪಾತ್ರೆಗಳನ್ನೆಲ್ಲ, ಮೊದಲೇ ತೊಳೆದಿಟ್ಟಿದ್ದನ್ನೂ ಸೇರಿಸಿ, ಇನ್ನೊಮ್ಮೆ ತೊಳೆದು ಬೋರಲು ಹಾಕಿದ್ದಿರಿ. "ಒಡಹುಟ್ಟಿದ ತಮ್ಮ, ಒಂದು ಹನಿ ಕಣ್ಣೀರು ಹಾಕ್ಲಿಲ್ಲ ನೋಡು" ಎಂದು ಯಾರೋ ನೆಂಟರು ಅಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಇದನ್ನು ನಿಮಗೆ ಬರೆಯಬಾರದಿತ್ತು. ಬರೆದಾಯಿತು, ಈಗ ಕಾಟು ಹಾಕಿದರೆ ಇನ್ನೂ ಕೆಟ್ಟದಾಗಿ ಕಾಣುತ್ತದೆ.

ಪೀಪಿ ನಮ್ಮಲ್ಲಿ ಸರಿಯಾಗಿದ್ದಾಳೆ. ಮುಂದಿನ ಕೋಣೆಯ ಸೋಫಾ ಅವಳದು. ಶಾಲೆಯೂ ಅದೇ, ನಮ್ಮ ಮನೆಯಿಂದ ಒಂದು ಬೀದಿ ಹೆಚ್ಚು ನಡೆಯಬೇಕು ಅಷ್ಟೆ. ಬಾಯಿ ಮಾತ್ರ ಭಾವ ಇಟ್ಟ ಹೆಸರಿಗೆ ತಕ್ಕ ಹಾಗೆ ಊದುತ್ತಲೇ ಇರುತ್ತದೆ. ಅಪ್ಪನ ವಿಷಯ ಬಂದರೆ ಅಳುವುದಿಲ್ಲ. "ಅಪ್ಪಂಗೆ ಈ ಸೋಪಿನ ವಾಸನೆ ಸೇರಲ್ಲ" ಎಂದು, ಈಗಲೂ ಅಂಗಡಿಯಲ್ಲಿ ಕೂತು ಯಾರಿಗೋ ಕನ್ನಡಕ ಹಾಕಿ ನೋಡುತ್ತಿದ್ದಾರೆ ಅನ್ನುವ ಹಾಗೆ ಹೇಳುತ್ತಾಳೆ. ನಾವು ತಿದ್ದುವುದಿಲ್ಲ.

ಭಾನುವಾರ ಒಂದು ಕಟ್ಟಡದಲ್ಲಿ ಬ್ರೇಕ್ ನೋಡುವುದಿತ್ತು, ಅವಳನ್ನೂ ಕರೆದುಕೊಂಡು ಹೋಗಿದ್ದೆ. ಲಿಫ್ಟ್ ಸರಿಯಾದ ಮೇಲೆ ಒಬ್ಬ ಹೆಂಗಸು ಹತ್ತಿದರು. ಮಗುವಿನ ಕೆನ್ನೆ ಮುಟ್ಟಿ, "ಕನ್ನಡಕದ ಅಂಗಡಿಯವರ ಮಗಳಲ್ವಾ? ಪಾಪ, ಅನಾಥೆ ಆಗೋದ್ಲು" ಎಂದರು. ಹೊರಗೆ ಬಂದ ಮೇಲೆ ಪೀಪಿ ಕೇಳಿದಳು.

"ಮಾಮಾ, ನಾನು ಅನಾಥೆನಾ?"

"ನಾವೆಲ್ಲ ಇಲ್ವೇನೇ?"

"ನೀವಿರೋದು ನಂಗೂ ಗೊತ್ತು. ಆ ಪದ ಸರೀನಾ ತಪ್ಪಾ ಹೇಳು. ನಿಂಗೆ ಗೊತ್ತಿಲ್ದೇ ಇದ್ರೆ ಅತ್ತೇನ ಕೇಳು, ಅವಳ ಆಫೀಸಲ್ಲಿ ಎಲ್ಲಾ ಪದಾನೂ ಇದೆ."

ನಿಘಂಟು ಮಾಡುವವರು ನೀವು, ಹಾಗಾಗಿ ಕೇಳುತ್ತಿದ್ದೇನೆ. ಮುಂದಿನ ವಿಚಾರವನ್ನೂ ನೀವು ಸ್ವಲ್ಪ ಯೋಚನೆ ಮಾಡಿ. ಆ ಮಗುವಿಗೆ ಅಂತ ಉಳಿದಿರುವುದು ನೀವು, ನಾವು, ಇಷ್ಟೇ ಜನ.

ಇಂತಿ,
ಪೀಪಿಯ ಮಾವ


ಜೂನ್ ೧೯

ಪೀಪಿಯ ಮಾವನವರಿಗೆ,

ಪತ್ರ ತಲುಪಿತು. ಮಗುವಿನ ಪ್ರಶ್ನೆಗೆ ಉತ್ತರ ಹೀಗಿದೆ.

ಅನಾಥ ಎಂದರೆ ನಾಥನಿಲ್ಲದವನು. ನಾಥ ಎಂದರೆ ಒಡೆಯ, ಕಾಯುವವನು. ಕಾಯುವವರು ಇದ್ದಾರೆ ಎಂದಾದರೆ ಪದ ಅಲ್ಲಿಗೆ ಸಲ್ಲುವುದಿಲ್ಲ. ಲಿಫ್ಟಿನಲ್ಲಿ ಸಿಕ್ಕವರು ತಪ್ಪಾಗಿ ಬಳಸಿದರು ಎಂದು ಮಗುವಿಗೆ ಹೇಳಬಹುದು.

ಯುರೋಪಿನವರ ಪದಕ್ಕೆ ಈ ಅನುಕೂಲವಿಲ್ಲ. ಇಂಗ್ಲಿಷಿನಲ್ಲಿ ಆರ್ಫನ್, ಫ್ರೆಂಚಿನಲ್ಲಿ ಓರ್ಫ್‌ಲ್ಯಾಂ, ಇಟಾಲಿಯನ್ನಿನಲ್ಲಿ ಓರ್ಫನೊ, ಸ್ಪ್ಯಾನಿಷಿನಲ್ಲಿ ವೆರ್ಫನೊ. ಎಲ್ಲವೂ ಗ್ರೀಕಿನ 'ಓರ್ಫನೋಸ್' ಎಂಬುದರಿಂದ ಲ್ಯಾಟಿನ್ ಮೂಲಕ ಹರಿದು ಬಂದವು. ಯಾರು ಕಾಯುತ್ತಿದ್ದಾರೆ ಎಂದು ಈ ಪದ ಕೇಳುವುದಿಲ್ಲ. ಕಳೆದುಕೊಂಡದ್ದನ್ನು ಮಾತ್ರ ಹೇಳುತ್ತದೆ. ತಂದೆತಾಯಿಗಳಲ್ಲಿ ಒಬ್ಬರು ಹೋದರೂ ಹಿಂದೆ ಈ ಪದವನ್ನೇ ಬಳಸುತ್ತಿದ್ದುದುಂಟು. ಆ ಲೆಕ್ಕದಲ್ಲಿ ಮಗು ತಾಯಿ ತೀರಿಕೊಂಡಾಗಲೇ ಆರ್ಫನ್ ಆಗಿದ್ದಳು. ನಮಗೆ ಯಾರಿಗೂ ಹೊಳೆಯಲಿಲ್ಲ.

ಗ್ರೀಕಿಗಿಂತಲೂ ಹಿಂದಿನ ಬೇರಿನಿಂದ ಜರ್ಮನ್ ಭಾಷೆಗೆ ಬಂದ ಕವಲು 'ಎರ್ಬೆ'. ಅದರ ಅರ್ಥ ಪಿತ್ರಾರ್ಜಿತ. ವಾರಸುದಾರ ಎಂದೂ ಆಗುತ್ತದೆ. ಆರ್ಫನ್ ಆದವನೂ ವಾರಸುದಾರನೂ ಒಂದೇ ಮನೆಯಿಂದ ಹೊರಟವರು. ತಂದೆ ಸತ್ತ ಕ್ಷಣ ಮಗು ಎರಡೂ ಆಗುತ್ತದೆ. ಜನ ಮೊದಲನೆಯದನ್ನು ನೋಡಿ ಅಯ್ಯೋ ಎನ್ನುತ್ತಾರೆ, ಎರಡನೆಯದನ್ನು ಮರೆಯುತ್ತಾರೆ.

ಇಲ್ಲಿ ಎಲ್ಲ ಎಂದಿನಂತೆಯೇ ಇದೆ. ಕಚೇರಿಯ ಕಿಟಕಿಗಳಿಗೆ ಬಣ್ಣ ಬಳಿಯುತ್ತಿದ್ದಾರೆ, ತೆರೆಯುವಂತಿಲ್ಲ. ಈ ಪದದ ಸರದಿ ಇನ್ನೂ ಬಂದಿರಲಿಲ್ಲ, ನಾನೇ ಮುಂಚೆ ಎತ್ತಿಕೊಂಡೆ. ಸಂಪಾದಕರು ಏಕೆ ಎಂದು ಕೇಳಿದರು. ಮನೆಯಲ್ಲಿ ಒಬ್ಬರು ಕೇಳಿದ್ದಾರೆ ಎಂದೆ.

ಇಂತಿ,
ಅತ್ತೆ


ಜೂನ್ ೨೪

ಪೀಪಿಯ ಅತ್ತೆಯವರಿಗೆ,

ನಿಮ್ಮ ಪತ್ರದ ಮೊದಲರ್ಧವನ್ನು ಪೀಪಿಗೆ ಓದಿ ಹೇಳಿದೆ. ಎರಡನೆಯ ಅರ್ಧವನ್ನು ನಾನೂ ನಮ್ಮ ಮನೆಯವಳೂ ಒಳಗಿನ ಕೋಣೆಯಲ್ಲಿ ಕೂತು ಓದಿದೆವು.

ಆಸ್ತಿ, ವಾರಸುದಾರ ಎಂದು ನೀವು ಸುತ್ತಿ ಬಳಸಿ ಬರೆಯಬೇಕಾಗಿರಲಿಲ್ಲ. ನೇರವಾಗಿ ಕೇಳಿದ್ದರೆ ನೇರವಾಗಿಯೇ ಹೇಳುತ್ತಿದ್ದೆ. ಭಾವನ ಅಂಗಡಿಗೆ ಅವತ್ತು ಬೀಗ ಹಾಕಿದ್ದು ಇವತ್ತಿನವರೆಗೂ ತೆಗೆದಿಲ್ಲ. ಮೇಲಿನ ಮನೆಯಿಂದ ಮಗುವಿನ ಬಟ್ಟೆ, ಪುಸ್ತಕ, ಒಂದು ದಿಂಬು ತಂದಿದ್ದೇವೆ, ಬೇರೆ ಒಂದು ಚಮಚ ಕೂಡ ಮುಟ್ಟಿಲ್ಲ. ನಿಮಗೆ ನಂಬಿಕೆ ಬರಲಿ ಎಂದು ಎರಡೂ ಬೀಗದ ಕೈಗಳನ್ನು ಇದರ ಜೊತೆ ರಿಜಿಸ್ಟರ್ಡ್ ಮಾಡಿ ಕಳಿಸುತ್ತಿದ್ದೇನೆ. "ಕಳಿಸ್ಬೇಡಿ, ಅವರು ಹಾಗೆ ಅಂದಿರಲ್ಲ" ಎಂದು ನಮ್ಮ ಮನೆಯವಳು ಕೈ ಹಿಡಿದಳು. ಆದರೆ ನಾನು ಎತ್ತರದಲ್ಲಿ ನಿಂತು ಕೆಲಸ ಮಾಡುವವನು, ತಲೆಯಲ್ಲಿ ಇಂಥದ್ದೊಂದು ಕೊರೆಯುತ್ತಿದ್ದರೆ ಕೈ ತಪ್ಪುತ್ತದೆ.

ಪೀಪಿ ಇನ್ನೊಂದು ಪ್ರಶ್ನೆ ಕೇಳಿದ್ದಾಳೆ. ಹಾಲು ಕುಡಿಯುತ್ತಾ ಕುಡಿಯುತ್ತಾ ಲೋಟ ಕೆಳಗಿಟ್ಟು, "ಅಪ್ಪ ಅಮ್ಮ ಹೋದ್ರೆ ಆರ್ಫನ್ನು. ತಮ್ಮ ಹೋದ್ರೆ ಅಕ್ಕಂಗೆ ಏನಂತಾರೆ?" ಎಂದಳು. ನನಗೆ ಗೊತ್ತಿಲ್ಲ ಎಂದೆ. "ಅತ್ತೆಗೆ ಗೊತ್ತಿರತ್ತೆ, ಅವಳದ್ದೇ ಅಲ್ವಾ" ಎಂದಳು.

ಇಂತಿ,
ಮಾವ


ಜುಲೈ ೧೫

ಪೀಪಿಯ ಮಾವನವರಿಗೆ,

ಉತ್ತರ ತಡವಾಯಿತು. ಬೀಗದ ಕೈಗಳನ್ನು ಯಾಕೆ ಕಳಿಸಿದಿರಿ ಎಂದು ತಿಳಿಯಲು ನನ್ನದೇ ಪತ್ರವನ್ನು ನೆನಪು ಮಾಡಿಕೊಳ್ಳಬೇಕಾಯಿತು. ನಾನು ಬರೆದದ್ದು ಪದದ ಬಗ್ಗೆ ಮಾತ್ರ. ಕೈಗಳನ್ನು ಹಿಂದಿರುಗಿಸುತ್ತಿದ್ದೇನೆ. ಅವು ಮಗುವಿನವು, ಅವಳು ಇರುವಲ್ಲಿಯೇ ಇರಲಿ.

ಅವಳ ಪ್ರಶ್ನೆಗೆ ನಾನು ನೋಡಿದ ಯಾವ ಭಾಷೆಯಲ್ಲಿಯೂ ಪ್ರತ್ಯೇಕ ಪದ ಸಿಗಲಿಲ್ಲ. ಹತ್ತಿರದ್ದು ಒಂದಿದೆ. ಓರ್ಫನೋಸ್‌ನ ಒಡಹುಟ್ಟು ಲ್ಯಾಟಿನ್ನಿನ 'ಓರ್ಬುಸ್'. ತಂದೆತಾಯಿ ಹೋದವರಿಗೆ, ಮಕ್ಕಳು ಹೋದವರಿಗೆ, ಪ್ರಿಯವಾದದ್ದು ಏನೇ ಹೋದರೂ ಅವರಿಗೆ ಆ ಪದ ಸಲ್ಲುತ್ತಿತ್ತು. ಮುಂದೆ ಇಟಾಲಿಯನ್ನಿನಲ್ಲೂ ರುಮೇನಿಯನ್ನಿನಲ್ಲೂ ಅದೇ ಪದಕ್ಕೆ ಕುರುಡ ಎಂಬ ಅರ್ಥ ಬಂತು, ಕಣ್ಣಿನ ಬೆಳಕನ್ನು ಕಳೆದುಕೊಂಡವನು ಎಂದು. ಕನ್ನಡಕ ಮಾರುವವನಿಗೆ ಇದನ್ನು ಹೇಳಿದ್ದರೆ ನಗುತ್ತಿದ್ದ. ಹೇಳಲು ಫೋನ್ ಎತ್ತಿಕೊಂಡೆ. ಸಂಖ್ಯೆ ಒತ್ತಿದ ಮೇಲೆ ಇಟ್ಟೆ.

ಮಗುವಿಗೆ ಖುಷಿಯಾಗುವ ನೆಂಟನೊಬ್ಬನೂ ಇದ್ದಾನೆ. ಇದೇ ಬೇರಿನಿಂದ ಸ್ಲಾವ್ ಭಾಷೆಗಳಲ್ಲಿ ಆಳು, ದುಡಿಮೆ ಎಂಬ ಅರ್ಥದ ಪದಗಳು ಹುಟ್ಟಿವೆ. ಝೆಕ್ ಭಾಷೆಯಲ್ಲಿ 'ರೋಬೋತ' ಎಂದರೆ ಬಿಟ್ಟಿ ದುಡಿಮೆ. ರೋಬೋಟ್ ಎಂಬ ಪದವನ್ನು ಕಟ್ಟಿದ್ದು ಅದರಿಂದಲೇ.

ನಿಮ್ಮ ಮೊದಲ ಪತ್ರದಲ್ಲಿ ಮುಂದಿನ ವಿಚಾರ ಯೋಚಿಸಿ ಎಂದಿದ್ದಿರಿ. ಅದರ ಅರ್ಥ ನನಗಾಗಿದೆ. ನಿಮ್ಮದು ಎರಡು ಕೋಣೆಯ ಮನೆ, ದಿನವಿಡೀ ದುಡಿಮೆ. ನಿಮಗೆ ಭಾರವಾಗುತ್ತಿದ್ದರೆ ತಪ್ಪಿಲ್ಲ. ಇಲ್ಲಿ ಹಾಸ್ಟೆಲ್ ಇರುವ ಒಳ್ಳೆಯ ಶಾಲೆಯೊಂದಿದೆ, ಹೋಗಿ ವಿಚಾರಿಸಿ ಬಂದೆ. ಕೋಣೆಗಳು ಶುಭ್ರವಾಗಿವೆ, ಕಿಟಕಿಗಳು ದೊಡ್ಡವು.

ಹೋದ ವಾರ ಹಲ್ಲು ಕೀಳಿಸಿಕೊಂಡೆ. ಸೂಜಿ ಹಾಕಿದ ಮೇಲೆ ತುಟಿಯನ್ನು ಬೆರಳಿನಿಂದ ಮುಟ್ಟಿದರೆ ಬೇರೆಯವರ ತುಟಿ ಮುಟ್ಟಿದಂತಿತ್ತು. ಸಂಜೆಗೆ ಸರಿಹೋಗುತ್ತದೆ ಎಂದರು, ತುಟಿ ಸರಿಹೋಯಿತು.

ಇಂತಿ,
ಅತ್ತೆ


ಜುಲೈ ೨೧

ಪೀಪಿಯ ಅತ್ತೆಯವರಿಗೆ,

ಹಾಸ್ಟೆಲ್ ಎಂದು ಓದಿ ಮೈ ಉರಿದುಹೋಯಿತು. ಒಂಬತ್ತು ವರ್ಷದ ಮಗು. ನಮ್ಮ ಮನೆ ಚಿಕ್ಕದು, ನಿಜ, ಆದರೆ ಅವಳು ಭಾರ ಎಂದು ನಾನು ಯಾವತ್ತು ಅಂದೆ? ನೀವೂ ಯೋಚಿಸಿ ಅಂದದ್ದು, ನೀವೂ ಬಂದು ಹೋಗಿ ಮಾಡಿ, ಅವಳ ತಲೆ ಸವರಿ, ಅಂತ. ಅಷ್ಟು ಭಾಷೆ ಕಲಿತವರಿಗೆ ನಮ್ಮ ಭಾಷೆಯ ಒಂದು ಮಾತು ಅರ್ಥವಾಗದೇ ಹೋಯಿತಲ್ಲ. ಕಿಟಕಿ ದೊಡ್ಡದಿದ್ದ ಮಾತ್ರಕ್ಕೆ ಮಕ್ಕಳು ಬೆಳೆಯುವುದಿಲ್ಲ.

ನಮ್ಮಕ್ಕ ಆಸ್ಪತ್ರೆಯಲ್ಲಿದ್ದಾಗ ನನ್ನ ಕೈ ಹಿಡಿದು, "ಪೀಪೀನ ನೋಡ್ಕೊಳೋ" ಎಂದಿದ್ದಳು. ಭಾವ ಗಟ್ಟಿಯಾಗಿದ್ದರು, ಅದಕ್ಕೇ ಆಗ ಸುಮ್ಮನಿದ್ದೆ. ಇನ್ನು ಸುಮ್ಮನಿರುವುದಿಲ್ಲ.

ಇಷ್ಟೇ ಬರೆದು ಮುಗಿಸುವವನಿದ್ದೆ. ರೋಬೋಟ್ ತನ್ನ ನೆಂಟ ಎಂದು ತಿಳಿದು ಪೀಪಿ ನಿನ್ನೆಯೆಲ್ಲ ಕೈಕಾಲು ಸೆಟೆಸಿಕೊಂಡು ಮನೆ ತುಂಬ ನಡೆದಳು. "ಆಜ್ಞೆ ಏನು ಮಾಮಾ" ಎಂದು ಕೇಳಿದಳು. ಮಗ್ಗಿ ಬರಿ ಎಂದರೆ "ಬ್ಯಾಟರಿ ಮುಗೀತು" ಎಂದು ನೆಲಕ್ಕೆ ಬಿದ್ದಳು. ಅದನ್ನೂ ನಿಮಗೆ ಹೇಳದೆ ಇರುವಷ್ಟು ಕೋಪ ನನಗಿಲ್ಲ.

ಮಾವ


ಆಗಸ್ಟ್ ೨೭

ಪೀಪಿಯ ಅತ್ತೆಯವರಿಗೆ,

ನಿಮ್ಮಿಂದ ಉತ್ತರ ಬರಲಿಲ್ಲ. ನಾನು ಬರೆದ ರೀತಿಗೆ ಬರುವುದೂ ಇಲ್ಲ ಎಂದುಕೊಂಡೆ. ಇವತ್ತು ನಾಚಿಕೆ ಬದಿಗಿಟ್ಟು ಬರೆಯುತ್ತಿದ್ದೇನೆ.

ಒಂದು ಸಂಗತಿ ನಿಮಗೆ ಹೇಳಿರಲಿಲ್ಲ. ನಮ್ಮ ಮನೆಯವಳು ಬಸುರಿ, ಈಗ ಏಳು ತಿಂಗಳು. ಭಾವ ಹೋದಾಗಲೇ ನಮಗೆ ಗೊತ್ತಿತ್ತು. ಆ ಹೊತ್ತಿನಲ್ಲಿ ಯಾವ ಬಾಯಲ್ಲಿ ಹೇಳುವುದು ಎಂದು ಸುಮ್ಮನಾದೆವು. ಹೇಳಿದರೆ, ಇವರಿಗಿನ್ನು ಪೀಪಿ ಬೇಡವಾಗುತ್ತಾಳೆ ಎಂದು ನೀವು ತಿಳಿಯುತ್ತೀರೇನೋ ಎಂಬ ಅಳುಕೂ ಇತ್ತು. ಈಗ ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಾರೆ. ಲಾಂಡ್ರಿಯ ಕೆಲಸ ಬಿಟ್ಟಳು. ಅವಳ ಅಮ್ಮ ಬಂದಿದ್ದಾರೆ. ಕೆಟ್ಟವರಲ್ಲ, ಆದರೆ ಪೀಪಿ ಬಾಗಿಲು ಹಾಕಿದ ಸದ್ದಿಗೂ ಎದೆ ಹಿಡಿದುಕೊಳ್ಳುತ್ತಾರೆ. "ನಮ್ಮ ಹುಡುಗಿಗೆ ಉಸಿರಾಡೋಕೂ ಜಾಗ ಇಲ್ಲ" ಎಂದು ಪೀಪಿ ಇರುವಾಗಲೇ ಅನ್ನುತ್ತಾರೆ. ಸೋಫಾ ಈಗ ಅವರಿಗೆ ಹೋಗಿದೆ. ಪೀಪಿ ಅಡುಗೆಮನೆಯಲ್ಲಿ ಮಲಗುತ್ತಾಳೆ. ಬಾಯಿ ಬಹಳ ಕಡಿಮೆಯಾಗಿದೆ. ಓಡಾಡುವುದೂ ಬೆರಳ ತುದಿಯಲ್ಲಿ.

ಎರಡು ತಿಂಗಳ ಮಟ್ಟಿಗೆ ಅವಳನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳುತ್ತೀರಾ? ಎರಡೇ ತಿಂಗಳು. ಹೆರಿಗೆಯಾದ ಮೇಲೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಹಾಸ್ಟೆಲ್ ಬೇಡ, ನಿಮ್ಮ ಮನೆಯಲ್ಲಿ.

ಇಂತಿ,
ಮಾವ


ಸೆಪ್ಟೆಂಬರ್ ೨

ಪೀಪಿಯ ಮಾವನವರಿಗೆ,

ನಿಮ್ಮ ಮನೆಯವರಿಗೆ ವಿಶ್ರಾಂತಿ ಸಿಗಲಿ. ಸುದ್ದಿ ಮೊದಲೇ ಹೇಳಿದ್ದರೆ ನಾನು ಬೇರೆಯಾಗಿ ತಿಳಿಯುತ್ತಿರಲಿಲ್ಲ. ಅಥವಾ ತಿಳಿಯುತ್ತಿದ್ದೆನೇನೋ, ಈಗ ಹೇಳುವುದು ಕಷ್ಟ.

ಎರಡು ತಿಂಗಳಿಗೆ ಅವಳನ್ನು ಕಳಿಸಬೇಡಿ. ಯಾಕೆಂದು ಹೇಳುತ್ತೇನೆ, ಪೂರ್ತಿ ಓದಿ.

ನಮ್ಮ ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದರು. ನನಗೆ ಹದಿನೇಳು, ತಮ್ಮನಿಗೆ ಎಂಟು. ನನ್ನನ್ನು ಹೆಣ್ಣುಮಕ್ಕಳ ಹಾಸ್ಟೆಲಿಗೆ ಹಾಕಿದರು. ಅವನ ವಿಷಯಕ್ಕೆ ದೊಡ್ಡವರೆಲ್ಲ ಕೂತು ಮಾತಾಡಿದರು. "ಎರಡು ತಿಂಗಳು ನಮ್ಮಲ್ಲಿರ್ಲಿ, ಆಮೇಲೆ ನೋಡೋಣ" ಎಂದರು ದೊಡ್ಡಪ್ಪ. ಎರಡು ತಿಂಗಳಾದ ಮೇಲೆ ಅತ್ತೆಯ ಮನೆ. ಆಮೇಲೆ ಚಿಕ್ಕಮ್ಮನ ಮನೆ. ಮತ್ತೆ ದೊಡ್ಡಪ್ಪ. ಎಲ್ಲರೂ ಒಳ್ಳೆಯವರು, ಯಾರೂ ಅವನ ಮೇಲೆ ಕೈ ಮಾಡಲಿಲ್ಲ, ಹೊಟ್ಟೆಗೆ ಕಡಿಮೆ ಮಾಡಲಿಲ್ಲ. ಆದರೆ ಯಾವ ಮನೆಯಲ್ಲಿ ತನ್ನ ಜಾಗ ಯಾವುದು ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಯಾರಾದರೂ ಕೂತುಕೋ ಎನ್ನುವವರೆಗೆ ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದ. ಅನ್ನುವುದು ಅವರಿಗೆ ಮರೆತರೆ ನಿಂತೇ ತಿನ್ನುತ್ತಿದ್ದ. ನನಗೆ ಕೆಲಸ ಸಿಕ್ಕಿದ ಕೂಡಲೇ ಕರೆದುಕೊಂಡು ಬಂದೆ. ಆಗ ಅವನಿಗೆ ಹದಿಮೂರು.

ಅವನು ನಿಂತು ಊಟ ಮಾಡುವುದನ್ನು ನೀವೂ ನೋಡಿದ್ದೀರಿ. ಮದುವೆಯಾಗಿ, ತನ್ನದೇ ಮನೆ, ತನ್ನದೇ ಮೇಜು, ಆದರೂ ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ನಿಂತು ತಿನ್ನುತ್ತಿದ್ದ. "ಕೂತ್ಕೊಂಡು ತಿನ್ನೋ" ಎಂದರೆ "ಅಭ್ಯಾಸ ಕಣಕ್ಕಾ" ಎನ್ನುತ್ತಿದ್ದ.

ನಾನು ಹುಡುಕುತ್ತಿರುವ ಪದದ ಬೇರಿಗೆ ವಿದ್ವಾಂಸರು ಹೇಳುವ ಅರ್ಥ, ಒಬ್ಬರ ವಶದಿಂದ ಇನ್ನೊಬ್ಬರ ವಶಕ್ಕೆ ಹೋಗುವುದು. ಆಸ್ತಿಯೂ ಹಾಗೆ ಹೋಗುತ್ತದೆ, ಆಳೂ ಹಾಗೆ ಹೋಗುತ್ತಾನೆ, ತಂದೆತಾಯಿ ಇಲ್ಲದ ಮಗುವೂ ಹಾಗೆ ಹೋಗುತ್ತದೆ. ಇದನ್ನು ಓದಿದ ದಿನ ನನಗೆ ಏನೂ ಅನಿಸಲಿಲ್ಲ, ಬರೆದುಕೊಂಡೆ. ನಿಮ್ಮ ಪತ್ರದಲ್ಲಿ "ಎರಡೇ ತಿಂಗಳು" ಎಂದಿರುವ ಸಾಲನ್ನು ನೋಡಿ ಆ ಟಿಪ್ಪಣಿಯನ್ನು ಮತ್ತೆ ತೆಗೆದು ಓದಿದೆ. ಹಾಸ್ಟೆಲಿನ ಮಾತು ಎತ್ತಿದವಳೂ ನಾನೇ. ಅಲ್ಲಿ ಯಾರೂ ಮುಂದಕ್ಕೆ ದಾಟಿಸುವುದಿಲ್ಲ ಎಂಬುದಷ್ಟೇ ತಲೆಯಲ್ಲಿತ್ತು. ನೀವು ಬೈದದ್ದು ಸರಿ.

ಅವಳು ಬರುವುದಾದರೆ ಪೂರ್ತಿಯಾಗಿ ಬರಲಿ. ಇರುವುದಾದರೆ ಪೂರ್ತಿಯಾಗಿ ಇರಲಿ. ಯಾರ ಹತ್ತಿರ ಇರುತ್ತೀಯಾ ಎಂದು ಅವಳನ್ನು ಕೇಳಲೇಬೇಡಿ. ನನ್ನ ತಮ್ಮನನ್ನು ಪ್ರತಿ ಸಲವೂ ಕೇಳುತ್ತಿದ್ದರು. ಕೇಳಿದವರ ಮುಖ ನೋಡಿಕೊಂಡು ಉತ್ತರ ಹೇಳುತ್ತಿದ್ದ.

ಪೂರ್ತಿಯಾಗಿ ನನ್ನ ಬಳಿಗೇ ಬರಲಿ ಎನ್ನಲು ನನಗೆ ಹೆದರಿಕೆ. ನಿಮ್ಮ ನೆಂಟರು ಹೇಳಿದ್ದು ನಿಜ, ನನಗೆ ಅಳು ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಕಚೇರಿಗೆ ಹೋಗುತ್ತೇನೆ, ಬರುತ್ತೇನೆ, ಬಟ್ಟೆ ಒಗೆಯುತ್ತೇನೆ. ಉಪ್ಪು ಹಾಕಿದ್ದೇನೋ ಇಲ್ಲವೋ ತಿನ್ನುವಾಗಲೂ ತಿಳಿಯುವುದಿಲ್ಲ. ಇಂಥವಳ ಮನೆಯಲ್ಲಿ ಮಗು ಇರಬಹುದೇ ಎಂಬುದು ನನಗೆ ಗೊತ್ತಿಲ್ಲ. ಅದಕ್ಕೇ ಇಷ್ಟು ದಿನ ಪದಗಳನ್ನೇ ಕಳಿಸುತ್ತಿದ್ದೆ.

ಅವಳಿಗೆ ಇದನ್ನು ಹೇಳಿ. ರಷ್ಯನ್ ಭಾಷೆಯಲ್ಲಿ ಇದೇ ಬೇರಿನ 'ರೆಬ್ಯೋನಕ್' ಎಂಬ ಪದಕ್ಕೆ ಬರೀ ಮಗು ಎಂದು ಅರ್ಥ. ಯಾರ ಮನೆಯ ಮಗುವಾದರೂ ಸರಿ. ನಮ್ಮಲ್ಲಿ ಹಸುಗೂಸಿಗೆ ಅರ್ಭಕ ಎನ್ನುತ್ತೇವಲ್ಲ, ಅದೂ ಇದೇ ಬಳಗದ್ದು ಎಂದು ಹಲವರ ಊಹೆ. ಹಾಗಿದ್ದರೆ ನಿಮ್ಮ ಮನೆಗೆ ಬರಲಿರುವ ಕೂಸೂ ಅವಳ ಸಾಲಿನದೇ.

ಇಂತಿ,
ಅತ್ತೆ


ಸೆಪ್ಟೆಂಬರ್ ೯

ಪೀಪಿಯ ಅತ್ತೆಯವರಿಗೆ,

ಪೂರ್ತಿ ಓದಿದೆ. ಒಳಗಿನ ಕೋಣೆಯಲ್ಲಿ ನಮ್ಮ ಮನೆಯವಳಿಗೂ ಓದಿ ಹೇಳಿದೆ.

ಭಾವ ನಿಂತು ತಿನ್ನುವುದನ್ನು ನಾವೆಲ್ಲ ತಮಾಷೆ ಮಾಡುತ್ತಿದ್ದೆವು. "ಬಸ್ಸು ಹೊರಟ್ಹೋಗತ್ತಾ?" ಎಂದು ನಮ್ಮಕ್ಕ ಕೇಳುತ್ತಿದ್ದಳು. ಅವರೂ ನಗುತ್ತಿದ್ದರು. ಒಂದು ದಿನವೂ ಬಾಯಿ ಬಿಡಲಿಲ್ಲ ನೋಡಿ.

ನಮ್ಮ ಮನೆಯವಳು ಏಳಬಾರದು ಎಂದಿದ್ದರೂ ಎದ್ದಳು. ಗೋಡೆ ಹಿಡಿದುಕೊಂಡು ಮುಂದಿನ ಕೋಣೆಗೆ ಹೋಗಿ ಅವಳ ಅಮ್ಮನಿಗೆ ಹೇಳಿದಳು: "ಅಮ್ಮಾ, ಈ ಮನೆ ಪೀಪೀದೂ ಹೌದು. ಇನ್ನೊಂದ್ಸಲ ಜಾಗ ಇಲ್ಲ ಅಂದ್ರೆ ನಾನು ನಿಮ್ಮನೇಗೇ ಬಂದು ಹೆರ್ತೀನಿ, ಅಲ್ಲೆಷ್ಟು ಜಾಗ ಇದೆ ನೋಡೋಣ." ನಮ್ಮ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ತಾವೇ ಎದ್ದು ಸೋಫಾ ಬಿಟ್ಟುಕೊಟ್ಟು ಅಡುಗೆಮನೆಗೆ ಹೋದರು. ಹಾಗಾಗಿ ಪೀಪಿ ಎಲ್ಲಿಗೂ ಹೋಗುವುದಿಲ್ಲ. ಕೂಸು ಬಂದ ಮೇಲೆ ಹೇಗೆ ಎಂದು ನನಗೂ ಗೊತ್ತಿಲ್ಲ. ಎದುರುತೂಕದ ಕೌಂಟರ್‌ವೇಟ್ ಹಾಕದೆ ಲಿಫ್ಟ್ ಓಡಿಸುವ ಹಾಗಿದೆ ನಮ್ಮ ಸ್ಥಿತಿ, ಆದರೂ ಓಡಿಸುತ್ತೇವೆ.

ಇನ್ನೊಂದು ಮಾತು. ಅಳುವವರೇ ಮಕ್ಕಳನ್ನು ಸಾಕುವುದಾದರೆ ನಮ್ಮ ಅತ್ತೆ ಈ ಬೀದಿಯ ಮಕ್ಕಳನ್ನೆಲ್ಲ ಸಾಕಬೇಕಿತ್ತು. ನೀವು ಹದಿಮೂರು ವರ್ಷದ ಹುಡುಗನನ್ನು ಕರೆತಂದು ಮನುಷ್ಯನನ್ನಾಗಿ ಮಾಡಿದವರು. ಆಗ ಮಾತ್ರ ನೀವು ಅಳುತ್ತಾ ಕೂತಿದ್ದಿರಾ? ನನಗೆ ಹಾಗೆ ಅನ್ನಿಸುವುದಿಲ್ಲ.

ಮಗುವನ್ನು ಏನೂ ಕೇಳಿಲ್ಲ. ರೆಬ್ಯೋನಕ್ ಮಾತ್ರ ಹೇಳಿದೆ. ನಮ್ಮವಳ ಹೊಟ್ಟೆಯ ಹತ್ತಿರ ಬಾಯಿಟ್ಟು ಆ ಪದವನ್ನೇ ಕೂಗುತ್ತಿದ್ದಾಳೆ.

ಇಂತಿ,
ಮಾವ


ಸೆಪ್ಟೆಂಬರ್ ೨೬

ಪೀಪಿಯ ಮಾವನವರಿಗೆ,

ಇದನ್ನು ಬರೆಯುವ ಮೊದಲು ಎಲ್ಲ ಏರ್ಪಾಡು ಮುಗಿಸಿದೆ. ಮೊದಲೇ ಬರೆದಿದ್ದರೆ ಆಮೇಲೆ ಹಿಂದೆ ಸರಿಯುತ್ತೇನೇನೋ ಎಂಬ ಅನುಮಾನವಿತ್ತು.

ಮಗುವನ್ನು ಯಾರ ಬಳಿಗೆ ಕಳಿಸುವುದು ಎಂದೇ ನಾವಿಬ್ಬರೂ ಇಷ್ಟು ದಿನ ಬರೆದುಕೊಂಡೆವು. ದೊಡ್ಡವರು ಯಾರಾದರೂ ಜಾಗ ಬದಲಾಯಿಸಬಹುದು ಎಂದು ನಮಗೆ ತೋಚಲಿಲ್ಲ. ಅವಳಿಗೆ ಅವಳದೇ ಮನೆಯಿದೆ, ಅಂಗಡಿಯ ಮೇಲೆ, ಖಾಲಿ ಬಿದ್ದಿದೆ. ಶಾಲೆ ಹತ್ತಿರ, ನಿಮ್ಮ ಮನೆ ಹತ್ತಿರ. ನಾನು ಅಲ್ಲಿಗೆ ಬರುತ್ತೇನೆ. ಇರಲು.

ಕಚೇರಿಯ ಹುದ್ದೆಯನ್ನು ಬಿಟ್ಟೆ. ಸಂಪಾದಕರು ತಕ್ಷಣ ಒಪ್ಪಲಿಲ್ಲ, ಈ ವಯಸ್ಸಿನಲ್ಲಿ ಬುದ್ಧಿ ಇದೆಯೇ ಎಂದು ಕೇಳಿದರು. ಆಮೇಲೆ ಅವರೇ ಅಚ್ಚಿನ ಕರಡು ತಿದ್ದುವ ಕೆಲಸವನ್ನು ಮನೆಗೆ ಕಳಿಸುವುದಾಗಿ ಹೇಳಿದರು. ಬಾಡಿಗೆ ಮನೆ ಬಿಡುತ್ತೇನೆ ಎಂದು ಹೇಳಿಯಾಗಿದೆ. ತರಲು ಹೆಚ್ಚೇನಿಲ್ಲ, ಪುಸ್ತಕಗಳು, ಒಂದು ಮೇಜು. ಅಕ್ಟೋಬರ್ ಹನ್ನೆರಡನೆಯ ತಾರೀಕು ಬೆಳಗಿನ ರೈಲಿಗೆ ಬರುತ್ತೇನೆ.

ಕೆಲವು ವಿಷಯ ಮೊದಲೇ ತಿಳಿದಿರಲಿ. ನನಗೆ ಮಕ್ಕಳ ಜೊತೆ ಆಡಲು ಬರುವುದಿಲ್ಲ. ಅವಳು ಅಪ್ಪನ ವಿಷಯ ಎತ್ತಿದರೆ ನಾನು ಪಾತ್ರೆ ತೊಳೆಯಲು ಎದ್ದು ಹೋಗಬಹುದು. ಆಗ ನೀವು ಬೈಯಿರಿ. ನೀವು ಬೈದ ಪತ್ರವೊಂದೇ ಈ ನಾಲ್ಕು ತಿಂಗಳಲ್ಲಿ ನನಗೆ ಸ್ವಲ್ಪ ತಾಗಿದ್ದು.

ಕೂಸು ಬಂದ ಮೇಲೆ ಪೀಪಿ ನಿಮ್ಮಲ್ಲಿ ಎಷ್ಟು ಹೊತ್ತು ಬೇಕಾದರೂ ಇರಲಿ. ಕತ್ತಲಾಗುವುದರೊಳಗೆ ತನ್ನ ಮನೆಗೆ ಬಂದರಾಯಿತು. ನಿಮ್ಮನ್ನು ತಮ್ಮ ಎಂದು ಕರೆಯಬೇಕು ಎಂದುಕೊಂಡು ಕೂತಿದ್ದೆ. ಇನ್ನೂ ಬಾಯಿ ಬರುತ್ತಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಇಂತಿ,
ಅತ್ತೆ


ಅಕ್ಟೋಬರ್ ೪

ಅಕ್ಕಾ,

ನಮ್ಮಕ್ಕ ಹೋದ ಮೇಲೆ ನಾನು ಯಾರನ್ನೂ ಹೀಗೆ ಕರೆದಿರಲಿಲ್ಲ. ನಿಮಗೆ ಬಾಯಿ ಬಂದಾಗ ಬರಲಿ, ನಾನು ಶುರು ಮಾಡಿದ್ದೇನೆ.

ಪತ್ರ ಓದಿ ನಮ್ಮ ಮನೆಯವಳು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಪೀಪಿ ಇನ್ನು ರಾತ್ರಿ ನಮ್ಮಲ್ಲಿ ಇರುವುದಿಲ್ಲ ಎಂಬುದಕ್ಕೆ ಒಗ್ಗಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಿತ್ತು. ನಾನು ಹೊರಗೆ ಬಂದು ಪೀಪಿಗೆ ಹೇಳಿದೆ.

"ಎಷ್ಟು ದಿನಕ್ಕೆ ಬರ್ತಾಳೆ?" ಎಂದು ಕೇಳಿದಳು.

"ಹೋಗೋಕೆ ಬರ್ತಿಲ್ಲ" ಎಂದೆ.

ಕುಣಿಯುತ್ತಾಳೆ ಎಂದುಕೊಂಡಿದ್ದೆ, ಕುಣಿಯಲಿಲ್ಲ. ಹೋಗಿ ಕೈಕಾಲು ತೊಳೆದುಕೊಂಡು ಬಂದಳು. ಆಮೇಲೆ ಕೇಳಿದಳು, "ಅವಳಿಗೆ ಯಾವ ಕೋಣೆ?"

ನಿನ್ನೆ ಇಬ್ಬರೂ ಹೋಗಿ ಮನೆ ತೆಗೆದೆವು. ಒಳಗೆ ಗಾಳಿ ಕೆಟ್ಟಿತ್ತು, ಎಲ್ಲ ಕಿಟಕಿಗಳನ್ನೂ ಬಿಚ್ಚಿಟ್ಟೆವು. ನಾನು ನೆಲ ಒರೆಸಿದೆ. ಅವಳು ಭಾವನ ಬಟ್ಟೆಗಳನ್ನು ಒಂದು ಪೆಟ್ಟಿಗೆಗೆ ಮಡಿಸಿಟ್ಟು, ಬೀರುವಿನ ಎರಡು ಅರೆಗಳನ್ನು ನಿಮಗೆ ಅಂತ ಖಾಲಿ ಮಾಡಿದಳು. ಅವರ ಒಂದು ಅಂಗಿಯನ್ನು ಮಾತ್ರ ಪೆಟ್ಟಿಗೆಗೆ ಹಾಕದೆ ತನ್ನ ಚೀಲಕ್ಕೆ ಹಾಕಿಕೊಂಡಳು. ನಾನು ನೋಡದವನ ಹಾಗೆ ನೆಲ ಒರೆಸುತ್ತಿದ್ದೆ. ಅಷ್ಟರಲ್ಲಿ ಒಂದು ಸಲ ಅತ್ತಳು. ಹೆಚ್ಚು ಹೊತ್ತಲ್ಲ. ಇಷ್ಟು ದಿನದಲ್ಲಿ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಕರೆಂಟಿನವನು ಬಂದ. ನಾಲ್ಕು ತಿಂಗಳು ನಿಂತಿದ್ದ ಮೀಟರನ್ನು ಜೋಡಿಸಿ, ಜೇಬಿನಿಂದ ಪೆನ್ನು ತೆಗೆದು, "ಇಲ್ಲಿ ಇನ್ಮೇಲೆ ಯಾರಿರ್ತಾರೆ, ಯಾರ ಹೆಸರಿಗೆ ಬರ್ಕೊಳ್ಲಿ?" ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆಗೆಯುವಷ್ಟರಲ್ಲಿ ಪೀಪಿ ಕೈಯಲ್ಲಿ ಒರೆಸುವ ಬಟ್ಟೆ ಹಿಡಿದುಕೊಂಡೇ ಮುಂದೆ ಬಂದಳು.

"ನಾನಿರ್ತೀನಿ" ಎಂದಳು. "ನನ್ನ ಜೊತೆ ನಮ್ಮತ್ತೆ ಇರ್ತಾಳೆ. ಅವಳಿಗೆ ಅಪ್ಪ ಅಮ್ಮ ಇಲ್ಲ, ತಮ್ಮಾನೂ ಇಲ್ಲ. ಅದಕ್ಕೇ ನಾನು ನೋಡ್ಕೋತೀನಿ."

ಅವನು ನನ್ನ ಮುಖ ನೋಡಿದ. ಹೌದು, ಹಾಗೇ ಬರೆದುಕೊಳ್ಳಿ ಎಂದೆ.

ನಿಮ್ಮ ತಮ್ಮ